ಮನೆಯಂಗಳಕ್ಕೆ ಅಚ್ಚಿನ ಕಾಂಕ್ರೀಟ್: ಕೈಯಾರೆ ಹಾಕಿ ಕಲಿತ ಪಾಠಗಳು

ಬೆಂಗಳೂರಿನ ಬನಶಂಕರಿಯ ಮೂವತ್ತು-ನಲವತ್ತರ ಸೈಟಿನಲ್ಲಿ ಗೇಟಿನಿಂದ ಬಾಗಿಲಿಗೆ ಹತ್ತು ಹನ್ನೆರಡು ಅಡಿ ಜಾಗ ಸಿಕ್ಕರೆ ಹೆಚ್ಚು. ಸ್ಕೂಟರ್, ಸಂಪು, ತುಳಸಿ ಎಲ್ಲವೂ ಅಲ್ಲೇ ಆಗಬೇಕು. ಅಷ್ಟು ಅಂಗಳಕ್ಕೆ ಸ್ಟ್ಯಾಂಪ್ಡ್ ಕಾಂಕ್ರೀಟನ್ನು ಮನೆಯವರೇ ಸೇರಿ ಹಾಕಬಹುದು. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಉದುರಿಸಿ, ರಬ್ಬರಿನಂಥ ಅಚ್ಚು ಒತ್ತಿ ಕಲ್ಲುಹಾಸಿನ ರೂಪ ಕೊಡುವ ಈ ವಿಧಾನವನ್ನು ಬೆಳೆಸಿದವರು 1950ರ ದಶಕದ ಕ್ಯಾಲಿಫೋರ್ನಿಯಾದ ಬ್ರಾಡ್ ಬೋಮನ್. ಹಸಿ ಗಾರೆಗೆ ಬಣ್ಣ ಕೂರಿಸುವ ವಿದ್ಯೆಯಂತೂ ನಮಗೆ ಹೊಸದಲ್ಲ. ಬಸವನಗುಡಿಯ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲವೂ ಇದೇ ಕುಲದ್ದು.

1. ಮೊದಲು ವಾಟ, ಆಮೇಲೆ ಡಿಸೈನು.
ಮಳೆನೀರು ಎತ್ತ ಹರಿಯಬೇಕೆಂದು ತೀರ್ಮಾನವಾಗದೆ ಅಚ್ಚು ಆರಿಸಬೇಡಿ. ಹತ್ತಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರು ಬೇಕು. ಟ್ಯೂಬ್ ಲೆವೆಲ್ ಹಿಡಿದು ಗೋಡೆಗೆ ಗುರುತು ಹಾಕಿ. ವಾಟ ರಸ್ತೆಯ ಕಡೆಗಿರುವುದಕ್ಕಿಂತ ಇಂಗುಗುಂಡಿಯ ಕಡೆಗಿದ್ದರೆ ನನಗೆ ಹೆಚ್ಚು ಸಮಾಧಾನ. 2009ರ ಕಾಯ್ದೆ ತಿದ್ದುಪಡಿಯಿಂದ ಜಲಮಂಡಳಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ಮಾದರಿಗಳಿವೆ, ಒಮ್ಮೆ ಹೋಗಿ ನೋಡಿ. ಕಾಂಪೌಂಡಿನ ಅಂಚಿಗೆ ಒಂದೂವರೆ ಅಡಿ ಮಣ್ಣು ಹಾಗೇ ಇರಲಿ. ಇಡೀ ಅಂಗಳ ಮುಚ್ಚಿಬಿಡುವುದನ್ನು ನಾನು ಒಪ್ಪುವುದಿಲ್ಲ.

2. ಸಂಪಿನ ಸುತ್ತಲ ಮಣ್ಣನ್ನು ನಂಬಬೇಡಿ.
ಸಂಪು ಕಟ್ಟಿದ ಮೇಲೆ ಸುತ್ತ ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲೇ. ಸಡಿಲ ಮಣ್ಣು ತೆಗೆದು, ಆರಾರು ಇಂಚಿನ ಪದರವಾಗಿ ನೀರು ಚಿಮುಕಿಸಿ ದಿಮ್ಮಿಸಬೇಕು, ಮೇಲೆ ನಾಲ್ಕಿಂಚು ಜಲ್ಲಿ ಹರಡಬೇಕು. ಸಂಪಿನ ಬಾಯಿ, ಒಳಚರಂಡಿಯ ಚೇಂಬರ್, ಮನೆಯ ಗೋಡೆ ಇವಕ್ಕೂ ಹೊಸ ಕಾಂಕ್ರೀಟಿಗೂ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಪಟ್ಟಿ ಇಡಿ. ಎರಡೂ ಬೇರೆ ಬೇರೆಯಾಗಿ ಅಲುಗಾಡಲಿ.

3. ನೀರು ಅಳೆದು ಹಾಕಿ.
10×12 ಅಡಿಗೆ ನಾಲ್ಕಿಂಚು ದಪ್ಪವೆಂದರೆ 40 ಘನ ಅಡಿ. ಸಿಮೆಂಟ್, ಎಂ-ಸ್ಯಾಂಡ್, ಜಲ್ಲಿ 1:1½:3ರಂತೆ ಸುಮಾರು ಒಂಬತ್ತು ಮೂಟೆ ಸಿಮೆಂಟ್ ಬೇಕು. 50 ಕೆ.ಜಿ. ಮೂಟೆಗೆ 25 ಲೀಟರ್ ನೀರು ಸಾಕು, ಎಂ-ಸ್ಯಾಂಡ್ ಒದ್ದೆಯಿದ್ದರೆ ಅದಕ್ಕಿಂತ ಕಡಿಮೆ. ತೆಳುವಾದರೆ ಹರಡುವುದು ಸುಲಭ ಅನ್ನುವವರ ಮಾತು ಕೇಳಬೇಡಿ: ನೀರು ಮೇಲೆ ತೇಲಿ ಬಣ್ಣ ಕೆಡುತ್ತದೆ, ಆಮೇಲೆ ಮೈ ಪುಡಿಯಾಗಿ ಉದುರುತ್ತದೆ. ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದೆಂದು 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ನೀರಿನ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ.

4. ಗಡಿಯಾರ ನೋಡಬೇಡಿ, ಬೆರಳಿಂದ ಒತ್ತಿ ನೋಡಿ.
ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮಟ್ಟ ಮಾಡಿದ ಮೇಲೆ ತೇಲಿದ ನೀರು ಆರುವವರೆಗೆ ಸುಮ್ಮನಿರಬೇಕು. ಆಮೇಲೆ ಬಣ್ಣದ ಪುಡಿ, ಅಂದರೆ ಹಾರ್ಡ್‌ನರ್: ಹತ್ತು ಚದರ ಅಡಿಗೆ ಸುಮಾರು ಮೂರು ಕಿಲೋ. ಮೂರರಲ್ಲಿ ಎರಡು ಪಾಲು ಮೊದಲು ಉದುರಿಸಿ ತಿಕ್ಕಿ, ಉಳಿದದ್ದು ಎರಡನೇ ಸುತ್ತಿಗೆ. ಹೆಬ್ಬೆರಳಿಟ್ಟು ಒತ್ತಿದರೆ ಕಾಲು ಇಂಚು ತಗ್ಗಬೇಕು, ಬೆರಳಿಗೆ ಅಂಟಬಾರದು. ಆಗ ಅಚ್ಚು ಅಂಟದಂತೆ ರಿಲೀಸ್ ಪೌಡರ್ ಹರಡಿ, ಮೊದಲು ಸುರಿದ ಮೂಲೆಯಿಂದಲೇ ಅಚ್ಚು ಒತ್ತುತ್ತಾ ಬನ್ನಿ. ಏಪ್ರಿಲ್ ಬಿಸಿಲಿನಲ್ಲಿ ಈ ಹದ ನೋಡನೋಡುತ್ತಲೇ ಜಾರಿಹೋಗುತ್ತದೆ, ಸಂಜೆ ಮಳೆಯ ಭಯ ಬೇರೆ. ಡಿಸೆಂಬರ್-ಜನವರಿಯ ಬೆಳಗ್ಗೆ ನಮ್ಮ ಊರಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ನಾಲ್ಕು ಜನರಿಗಿಂತ ಕಡಿಮೆಯಿದ್ದರೆ ಅಂಗಳವನ್ನು ಎರಡು ಭಾಗ ಮಾಡಿ ಎರಡು ದಿನ ಹಾಕಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಗಮ್‌ಬೂಟ್ ಮತ್ತು ಗ್ಲೌಸ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಪುಡಿ ಎರಚುವವರಿಗೆ ಮಾಸ್ಕ್ ಇರಲಿ.

5. ಬಿರುಕಿಗೆ ದಾರಿ ನೀವೇ ತೋರಿಸಿ.
ಎಂಟೆಂಟು ಅಡಿಗೆ ಒಂದರಂತೆ, ಒಂದಿಂಚು ಆಳದ ಗೀರು. ಅಚ್ಚಿನ ಕಲ್ಲಿನ ಸಂದಿನಲ್ಲೇ ಬಂದರೆ ಕಣ್ಣಿಗೆ ಬೀಳುವುದಿಲ್ಲ.

6. ರಂಗೋಲಿಗೆ ನುಣುಪು ಜಾಗ ಬಿಡಿ.
ಉಬ್ಬುತಗ್ಗಿನ ಅಚ್ಚಿನ ಮೇಲೆ ಎಳೆ ಕೂರುವುದಿಲ್ಲ. ಬಾಗಿಲ ಮುಂದೆ ಮೂರಡಿ ಚೌಕವನ್ನು ಅಚ್ಚು ಒತ್ತದೆ, ಕರಣೆಯಿಂದ ಮಟ್ಟಸ ಮಾಡಿ ಬಿಟ್ಟರೆ ಮನೆಯವರು ದಿನಾ ಬೆಳಗ್ಗೆ ನಿಮ್ಮನ್ನು ನೆನೆಯುತ್ತಾರೆ.

7. ಹೊಳಪಿಗೆ ಅವಸರ ಬೇಡ.
ಮರುದಿನ ಪೌಡರ್ ತೊಳೆದು, ಕನಿಷ್ಠ 7 ದಿನ ನೀರು ಚಿಮುಕಿಸುತ್ತಿರಿ. ಗೋಣಿಚೀಲ ಹೊದಿಸಿದರೆ ಕಲೆ ಬೀಳುತ್ತದೆ. ಸೀಲರ್ ಬಳಿಯುವುದು 28 ದಿನ ಕಳೆದು, ನೆಲ ಪೂರ್ತಿ ಒಣಗಿದ ಮೇಲೆ. ತೇವವಿದ್ದರೆ ಬಿಳಿ ಮಂಕು ಕವಿಯುತ್ತದೆ. ತೆಳ್ಳಗೆ ಎರಡು ಕೋಟ್ ಸಾಕು. ಅಂಗಳವನ್ನು ನಿತ್ಯ ನೀರು ಹಾಕಿ ತೊಳೆಯುವ ಮನೆಗಳಲ್ಲಿ ವಯಸ್ಸಾದವರು ಜಾರುವ ಅಪಾಯವಿದೆ. ಎರಡನೇ ಕೋಟಿಗೆ ಜಾರು ತಡೆಯುವ ಪುಡಿಯನ್ನು ಬೆರೆಸಲೇಬೇಕು.