ಮೂರನೇ ವರ್ಷಕ್ಕೆ ಯಾವ ಪೇಪರು?

ಸಂಗೀತ ಪದವಿಯ ಎರಡು ವರ್ಷ ಮುಗಿಸಿ, ಐಚ್ಛಿಕ ವಿಷಯಗಳ ಫಾರ್ಮ್ ಕೈಯಲ್ಲಿ ಹಿಡಿದು ನಿಂತಿರುವ ನಿನಗೆ,

ಈ ವಾರ ಕಾಲೇಜಿನ ಮೊಗಸಾಲೆಯಲ್ಲಿ ಏನೇನು ಮಾತು ಓಡಾಡುತ್ತಿರುತ್ತದೆಂದು ಬಲ್ಲೆ. ‘ಆ ಮೇಡಂ ಧಾರಾಳವಾಗಿ ಅಂಕ ಕೊಡ್ತಾರಂತೆ’, ‘ಶಾಸ್ತ್ರ ತಗೊಂಡ್ರೆ ಬರೆದೂ ಬರೆದೂ ಸಾಯ್ಬೇಕು’, ‘ಹಾಡೋ ಪೇಪರನ್ನೇ ಎರಡು ತಗೋ, ಹೇಗೂ ಕಛೇರಿ ತಾನೆ ಮಾಡೋದು’. ಮೊದಲೆರಡನ್ನು ನೀನೇ ಪಕ್ಕಕ್ಕಿಡುತ್ತೀಯ. ಮೂರನೆಯದು ಕೇಳುವುದಕ್ಕೆ ಸರಿಯಾಗಿಯೇ ಇದೆ. ನನ್ನ ತಕರಾರು ಇರುವುದು ಅದರ ಮೇಲೆಯೇ.

ಹಾಡುಗಾರಿಕೆ ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಪದವಿ ಮುಗಿದ ಮಾರನೆಯ ದಿನವೂ ಗುರುಗಳ ಮನೆ ಇರುತ್ತದೆ, ತಂಬೂರಿ ಇರುತ್ತದೆ, ಬೆಳಗಿನ ಸಾಧಕ ಇರುತ್ತದೆ. ಕಾಲೇಜು ಬಿಟ್ಟ ಮೇಲೆ ಕೈತಪ್ಪುವುದು ಬೇರೆ: ಗ್ರಂಥಾಲಯದ ಹಳೆಯ ಪುಸ್ತಕ, ಅದನ್ನು ಬಿಡಿಸಿ ಹೇಳಬಲ್ಲ ಮೇಷ್ಟರು, ಪಕ್ಕದ ಕೋಣೆಯಲ್ಲೇ ಮೃದಂಗ ನುಡಿಸುವ ಸಹಪಾಠಿ, ಒಂದೇ ಪ್ರಶ್ನೆಯ ಹಿಂದೆ ಆರು ತಿಂಗಳು ಅಲೆದರೂ ಯಾರೂ ಬೈಯದ ಬಿಡುವು. ಹಾಡುವ ಪೇಪರು ಒಂದಿರಲಿ. ಉಳಿದ ಜಾಗವನ್ನು ಇವಕ್ಕೆ ಕೊಡು. ಪದವಿಗೆ ಸೇರಿದ ಮೇಲೆಯೇ ಸಂಗೀತ ಶುರುಮಾಡಿದವರ, ಊರಿಗೆ ಮರಳಿದರೆ ಕೇಳಿ ತಿದ್ದುವವರೇ ಇಲ್ಲದವರ ಮಾತು ಬೇರೆ. ಅವರು ಎರಡಲ್ಲ, ಸಿಕ್ಕರೆ ಮೂರು ಹಾಡುವ ಪೇಪರು ತೆಗೆದುಕೊಳ್ಳಲಿ. ನಿನಗೆ ಹತ್ತು ವರ್ಷದ ಪಾಠವಾಗಿದೆ. ನಿನಗೆ ಆ ನೆಪ ಇಲ್ಲ.

ಶಾಸ್ತ್ರ ಎಂದರೆ ಎಪ್ಪತ್ತೆರಡು ಮೇಳಗಳ ಉರು ಹೊಡೆಯುವುದೆಂದು ಮೊದಲ ವರ್ಷ ನಿನ್ನ ತಲೆಯಲ್ಲಿ ಕೂತಿರಬಹುದು. ಕೊನೆಯ ವರ್ಷದ ಶಾಸ್ತ್ರ, ಒಳ್ಳೆಯವರ ಕೈಗೆ ಸಿಕ್ಕರೆ, ಕಿವಿಯ ಕೆಲಸ. ತೋಡಿಯ ಗಾಂಧಾರವನ್ನೇ ನೋಡು. ಪಠ್ಯಪುಸ್ತಕದಲ್ಲಿ ‘ಗ’ ಎಂದು ಒಂದಕ್ಷರ ಅಚ್ಚಾಗಿರುತ್ತದೆ. ಆ ಅಕ್ಷರವನ್ನು ಹಾರ್ಮೋನಿಯಂನ ಒಂದು ಮನೆ ಒತ್ತಿದಂತೆ ಹಾಡಿದರೆ ತೋಡಿ ಅಲ್ಲೇ ಸತ್ತಿತು. ಹಾಡುವವರು ಕೆಳಗಿನ ರಿಷಭದ ಕಡೆಯಿಂದ ಎತ್ತಿ, ತೂಗಿ, ಮಧ್ಯಮದ ಕಡೆಗೊಮ್ಮೆ ಇಣುಕಿ ಬರುತ್ತಾರೆ. ಈ ತೂಗಾಟವನ್ನು ಕಾಗದಕ್ಕೆ ಇಳಿಸುವುದು ಹೇಗೆ? ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಅದಕ್ಕೆಂದೇ ಗುರುತುಗಳಿವೆ: ಕಂಪಿತಕ್ಕೆ ಅಲೆಯಂಥ ಗೆರೆ, ಜಾರಿಗೆ ಓರೆ ಗೆರೆ, ಇನ್ನೂ ಹಲವು. ಪುಸ್ತಕ ತೆಲುಗು ಲಿಪಿಯಲ್ಲಿದೆ, ಅದು ಕನ್ನಡದವರಿಗೆ ಸಿಕ್ಕಿರುವ ಲಾಭ. ತಲಕಟ್ಟಿನ ಚೂರುಪಾರು ವ್ಯತ್ಯಾಸ ಹಿಡಿದರೆ ಓದು ಓಡುತ್ತದೆ. ನಿನಗೆ ಪಾಠವಾಗಿರುವ ಯಾವುದಾದರೂ ದೀಕ್ಷಿತರ ಕೃತಿಯನ್ನು ಅದರಲ್ಲಿ ಹುಡುಕಿ, ಪಲ್ಲವಿಯ ಒಂದು ಆವರ್ತವನ್ನು ಗುರುತು ಬಿಡದೆ ಹಾಡಲು ನೋಡು. ನಿನ್ನ ಪಾಠಾಂತರ ಎಲ್ಲಿ ಕೂಡುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬುದು ಗಂಟಲಿಗೇ ಗೊತ್ತಾಗುತ್ತದೆ. ಆ ಪೇಪರಿಗೆ ಅಂಕ ಕಡಿಮೆ ಬಂದರೆ ಬರಲಿ ಬಿಡು.

ಪ್ರಾಜೆಕ್ಟ್ ಆಯ್ಕೆಯಿದ್ದರೆ ಕಣ್ಣು ಮುಚ್ಚಿ ತೆಗೆದುಕೋ, ಆದರೆ ವಿಷಯವನ್ನು ಕಣ್ಣು ಬಿಟ್ಟು ಆರಿಸು. ‘ಕರ್ನಾಟಕ ಸಂಗೀತಕ್ಕೆ ಹರಿದಾಸರ ಕೊಡುಗೆ’ ಎಂದು ಬರೆದವರ ರಾಶಿಯೇ ಇದೆ. ಓದಿದವರು ಇದ್ದಾರೋ ಇಲ್ಲವೋ. ಚಿಕ್ಕದು ಹಿಡಿ. ಪುರಂದರದಾಸರ ಪದಗಳಿಗೆ ಅವರ ಕಾಲದ ಧಾಟಿ ಬಹುಮಟ್ಟಿಗೆ ಉಳಿದಿಲ್ಲ, ಇಂದು ನಾವು ಹಾಡುವ ಮಟ್ಟುಗಳು ಹೆಚ್ಚಿನವು ಆಮೇಲಿನವು ಎಂಬುದು ನಿನಗೂ ಗೊತ್ತು. ಹಾಗಾದರೆ ‘ಜಗದೋದ್ಧಾರನ’ ಎಂದ ಕೂಡಲೇ ಎಲ್ಲರ ಬಾಯಲ್ಲೂ ಕಾಪಿಯೇ ಬರುವುದೇಕೆ? ಅದನ್ನು ಮನೆಮಾತು ಮಾಡಿದ್ದರಲ್ಲಿ ಬಿ.ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ಪ್ಲೇಟಿನ ಪಾಲು ದೊಡ್ಡದು. ಆ ಕಾಲದ ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಸುತ್ತಿತ್ತು. ಅಷ್ಟರಲ್ಲಿ ಯಾವ ಚರಣ ಉಳಿಯಿತು, ಯಾವುದು ಹೋಯಿತು, ಪಲ್ಲವಿ ಎಷ್ಟು ಸಲ ಬಂತು, ಸಂಗತಿಗಳಲ್ಲಿ ಯಾವುವು ನಂತರದವರಿಗೆ ದಾಟಿದವು — ಇಷ್ಟನ್ನೇ ಕೇಳಿ, ಗುರುತಿಸಿ, ಎರಡು ಮೂರು ಧ್ವನಿಮುದ್ರಣಗಳ ಜೊತೆ ಹೋಲಿಸಿದರೆ ನಿನ್ನ ಪ್ರಾಜೆಕ್ಟ್ ಆಯಿತು. (1902ರಲ್ಲಿ ಕೋಲ್ಕತ್ತದಲ್ಲಿ ಪ್ಲೇಟಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ. ಅರಮನೆಯ ಆಶ್ರಯದಲ್ಲಿದ್ದ ಆಕೆಯ ಮೇಲೂ ಯಾರಾದರೂ ಒಂದು ಪ್ರಾಜೆಕ್ಟ್ ಮಾಡಬಾರದೇ ಎಂದು ನನಗೆ ಬಹಳ ದಿನದ ಆಸೆ.)

ಲಯದ ಪೇಪರು ಕಂಡರೆ ಹಾಡುವವರು ಮಾರು ದೂರ. ಪಲ್ಲವಿಗೆ ಅನುಲೋಮ ಮಾಡುವಾಗ ಕೈ ತಾಳ ಬಿಟ್ಟು, ಕಣ್ಣು ಮೃದಂಗದವರ ಮುಖ ಹುಡುಕುವುದು ಆಗಲೇ. ಒಂದು ಸೆಮಿಸ್ಟರ್ ಕೊನ್ನಕೋಲು ಹೇಳಿದರೆ ಬಾಯಿಗೆ ಲೆಕ್ಕ ಬರುತ್ತದೆ. ಪಕ್ಕವಾದ್ಯದವರನ್ನು ಸಮನಾಗಿ ಮಾತಾಡಿಸುವ ಧೈರ್ಯವೂ ಬರುತ್ತದೆ.

ಬೋಧನೆಯ ಪೇಪರನ್ನು ‘ಕಛೇರಿ ಸಿಗದವರಿಗೆ’ ಎಂದು ಮೂಗು ಮುರಿಯುತ್ತಾರೆ. ನಿನ್ನ ತರಗತಿಯಲ್ಲಿ ಬಹುಪಾಲು ಜನ ಹೊಟ್ಟೆ ಹೊರೆಯುವುದು ಪಾಠ ಹೇಳಿಯೇ: ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಅಣಿಮಾಡಿ, ಅಮೆರಿಕದ ಕನ್ನಡ ಮನೆಗಳ ಮಕ್ಕಳಿಗೆ ಫೋನಿನ ಪರದೆಯಲ್ಲಿ ಸರಳೆ ತಿದ್ದಿ. ಹದಿಮೂರರ ಹುಡುಗನ ದನಿ ಒಡೆಯುವಾಗ ಶ್ರುತಿ ಎಷ್ಟು ಇಳಿಸಬೇಕು, ಎಷ್ಟು ತಿಂಗಳು ಮೇಲುಸ್ಥಾಯಿ ಮುಟ್ಟಿಸಬಾರದು ಎಂಬುದನ್ನು ನಿನ್ನ ಗುರುಗಳು ನಿನಗೆ ಹೇಳಿರಲಾರರು, ನಿನಗೆ ಅದು ಬೇಕಾಗಿರಲಿಲ್ಲ. ನಾಳೆ ಬೇಕಾಗುತ್ತದೆ. ಧ್ವನಿಮುದ್ರಣದ ಪೇಪರು ಮಾತ್ರ, ಕಾಲೇಜಿನಲ್ಲಿ ನಿಜವಾಗಿ ಮೈಕು, ಕೋಣೆ, ಕಲಿಸುವವರು ಇದ್ದರೆ ತೆಗೆದುಕೋ. ಬರೀ ನೋಟ್ಸ್ ಬರೆಸುವುದಾದರೆ ಬೇಡ.

ಇನ್ನೊಂದು ವ್ಯವಹಾರದ ಮಾತು. ಶಾಸ್ತ್ರಕ್ಕೋ ಲಯಕ್ಕೋ ಒಬ್ಬಿಬ್ಬರೇ ಹೆಸರು ಕೊಟ್ಟರೆ ಕಾಲೇಜು ಆ ವಿಷಯವನ್ನು ಕೈಬಿಟ್ಟು, ನಿನ್ನನ್ನು ಎಲ್ಲರೂ ಇರುವ ತರಗತಿಗೆ ಸೇರಿಸಿಬಿಡುತ್ತದೆ. ಎಷ್ಟು ಜನ ಬೇಕೆಂದು ಕಛೇರಿಯಲ್ಲಿ, ಅಂದರೆ ಆಫೀಸಿನಲ್ಲಿ, ಮೊದಲೇ ಕೇಳು. ಅಷ್ಟು ಜನರನ್ನು ಕ್ಯಾಂಟೀನಿನಲ್ಲೇ ಹಿಡಿ. ಪಾಠ ಮಾಡುವ ಮೇಷ್ಟರನ್ನೂ ಕಂಡು, ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಸಿಗುತ್ತಾರೆಂದು ನೇರವಾಗಿ ಕೇಳಿ, ಆಮೇಲೆ ಫಾರ್ಮಿಗೆ ಸಹಿ ಹಾಕು.

ನಿನ್ನ ಹಿತೈಷಿ,
ನಿವೃತ್ತ ಸಂಗೀತ ಮೇಷ್ಟರು