ಮದುವೆ ಮನೆಯಲ್ಲಿ ‘ಮನೆ’ಯೂ ಇರಲಿ

ಒಂದು ಶನಿವಾರ ಸಂಜೆ ಜಪಸರ ಮುಗಿದ ಮೇಲೆ ಒಬ್ಬ ತಾಯಿ ಗುರುಮನೆಗೆ ಬಂದರು. ಮಗಳ ಮದುವೆಯ ಪ್ರಕಟಣೆಯನ್ನು ಮುಂದಿನ ಭಾನುವಾರದಿಂದ ಪೂಜೆಯಲ್ಲಿ ಓದಬೇಕಾಗಿತ್ತು. ಜ್ಞಾನಸ್ನಾನದ ಪತ್ರ, ವಿವಾಹಪೂರ್ವ ಶಿಬಿರದ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿ ತಂದಿದ್ದರು. “ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಾ ಅಮ್ಮಾ?” ಎಂದು ರೂಢಿಯಂತೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಎಲ್ಲರೂ ಇದ್ದೇವೆ ಸ್ವಾಮಿ, ಆದರೆ ಮನೆಯೇ ಇಲ್ಲದಂತಾಗಿದೆ” ಎಂದರು.

ನಿಶ್ಚಿತಾರ್ಥವಾಗಿ ಮೂರು ತಿಂಗಳಾಗಿತ್ತು. ಅಂದಿನಿಂದ ಮನೆಯವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡಿಲ್ಲ. ಒಬ್ಬರು ಕಲ್ಯಾಣ ಮಂಟಪದವರ ಜೊತೆ ಫೋನಿನಲ್ಲಿ, ಇನ್ನೊಬ್ಬರು ಸೀರೆ ಅಂಗಡಿಯಲ್ಲಿ, ಮತ್ತೊಬ್ಬರು ಕರೆಯೋಲೆಯ ಪಟ್ಟಿಯ ಮುಂದೆ. ರಾತ್ರಿಯ ಜಪಸರ ನಿಂತುಹೋಗಿದೆ. ಕಿರಿಯ ಮಗನಿಗೆ ಪರೀಕ್ಷೆ ನಡೆಯುತ್ತಿರುವುದು ಮುಗಿಯುವ ಹಿಂದಿನ ದಿನ ನೆನಪಾಯಿತು. ಗಂಡ ಹೆಂಡತಿ ಮಾತನಾಡುವುದೇ ದುಡ್ಡಿನ ಬಗ್ಗೆ, ಅದೂ ಜಗಳದಲ್ಲಿ ಮುಗಿಯುತ್ತದೆ.

“ಇಷ್ಟರ ನಡುವೆ ಮದುವೆ ಹುಡುಗಿಗೆ ಹೊಲಿಗೆ ಕಲಿಯುವ ಹುಚ್ಚು ಹಿಡಿದಿದೆ ಸ್ವಾಮಿ. ಅವಳ ಅಜ್ಜಿಯ ಹಳೇ ಮಿಷಿನ್ ಮುಂದೆ ದಿನಾ ಸಾಯಂಕಾಲ ಕೂತುಬಿಡುತ್ತಾಳೆ. ಮದುವೆ ಮುಗಿಯಲಿ, ಆಮೇಲೆ ಕಲಿ ಎಂದರೆ ಕೇಳುವುದಿಲ್ಲ. ನೀವಾದರೂ ಬುದ್ಧಿ ಹೇಳಿ.”

ಆಕೆಯ ಮಾತು ನ್ಯಾಯವಾಗಿಯೇ ಕಂಡಿತು. ಬಂದು ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಆ ಮನೆಗೆ ಹೋದಾಗ ಏನಾಯಿತೆಂಬುದನ್ನು, ಮನೆಯವರ ಅನುಮತಿ ಪಡೆದು, ಗುರುತು ಮರೆಸಿ, ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವಿನ ಈ ಕಾಲದ ಬಗ್ಗೆ ಧರ್ಮಸಭೆ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ನಡುವಿನ ಕಾಲ ಏತಕ್ಕಾಗಿ?

ಪ್ರಭು ಯೇಸುವಿನ ಕಾಲದ ಯೆಹೂದ್ಯರಲ್ಲಿ ವಿವಾಹ ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ನಿಶ್ಚಿತಾರ್ಥ, ಆಮೇಲೆ ವಧುವನ್ನು ಮನೆ ತುಂಬಿಸಿಕೊಳ್ಳುವುದು. ಅವರ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ಮಿಷ್ನಾ, ಕನ್ಯೆಗೆ ಸಿದ್ಧತೆಗಾಗಿ 12 ತಿಂಗಳ ಅವಧಿ ಕೊಡಬೇಕೆಂದು ಹೇಳುತ್ತದೆ. ಮಾತೆ ಮರಿಯಳಿಗೆ ದೇವದೂತನ ಸಂದೇಶ ಬಂದದ್ದು ಇಂಥ ನಡುವಿನ ಕಾಲದಲ್ಲೇ. ಸಂತ ಜೋಸೆಫರು ಚಿಂತೆಗೊಳಗಾದದ್ದೂ ಆಗಲೇ (ಮತ್ತಾಯ 1:18-25). ದೇವರು ತಮ್ಮ ಅತಿ ದೊಡ್ಡ ಕಾರ್ಯವನ್ನು ಆರಂಭಿಸಿದ್ದು ಮದುವೆಯ ದಿನದ ಸಡಗರದಲ್ಲಲ್ಲ, ಮದುವೆಗೆ ಕಾಯುತ್ತಿದ್ದ ಒಂದು ಸಾಧಾರಣ ದಿನದಲ್ಲಿ.

ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರೇರಣಾ ಪತ್ರದಲ್ಲಿ ವಿವಾಹದ ಸಿದ್ಧತೆಯನ್ನು ಮೂರು ಹಂತಗಳಾಗಿ ವಿಂಗಡಿಸಿದ್ದಾರೆ: ದೂರದ ಸಿದ್ಧತೆ, ಹತ್ತಿರದ ಸಿದ್ಧತೆ, ಕೊನೆಯ ದಿನಗಳ ಸಿದ್ಧತೆ. ದೂರದ ಸಿದ್ಧತೆ ಆರಂಭವಾಗುವುದು ಬಾಲ್ಯದಲ್ಲಿ, ತಂದೆತಾಯಿಯ ಮನೆಯಲ್ಲಿ. ಮದುವೆಯೆಂದರೇನು ಎಂಬ ಮೊದಲ ಪಾಠವನ್ನು ಯಾವ ಶಿಬಿರವೂ ಕಲಿಸುವುದಿಲ್ಲ. ಅಡುಗೆ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಮಾತನಾಡುವ ರೀತಿ ಕಲಿಸುತ್ತದೆ. ಹಾಗಾದರೆ, ಮದುವೆಯ ತಯಾರಿಗಾಗಿ ಮನೆಯ ಜೀವನವನ್ನೇ ನಿಲ್ಲಿಸಿಬಿಟ್ಟರೆ ನಾವು ಸಿದ್ಧತೆಯ ಬುಡವನ್ನೇ ಕಡಿದಂತಾಯಿತು.

ಜಗದ್ಗುರು ಫ್ರಾನ್ಸಿಸರೂ 2016ರ ತಮ್ಮ ಪ್ರೇರಣಾ ಪತ್ರದಲ್ಲಿ ಈ ಮಾತನ್ನು ನೇರವಾಗಿ ಎತ್ತಿದ್ದಾರೆ. ಆಮಂತ್ರಣ, ಉಡುಗೆ, ಔತಣ ಎಂದು ನೂರೆಂಟು ವಿವರಗಳಲ್ಲಿ ಹಣವೂ ಶಕ್ತಿಯೂ ಸಂತೋಷವೂ ಕರಗಿಹೋಗಿ, ವಧೂವರರು ಬಳಲಿ ಬೆಂಡಾಗಿ ಪೀಠದ ಮುಂದೆ ಬಂದು ನಿಲ್ಲುತ್ತಾರೆ ಎಂದು ಅವರು ಮರುಗುತ್ತಾರೆ. ಇದು ಯಾವುದೋ ದೂರದ ದೇಶದ ಮಾತಲ್ಲ. ನಿದ್ದೆಗೆಟ್ಟ ಕಣ್ಣುಗಳ ಎಷ್ಟೋ ಮದುಮಕ್ಕಳ ವಿವಾಹವನ್ನು ನಾನೇ ನೆರವೇರಿಸಿದ್ದೇನೆ.

ಇನ್ನೊಂದು ಮುಖ್ಯ ವಿಷಯವಿದೆ. ನಿಶ್ಚಿತಾರ್ಥ ಗೌರವದ ಮಾತು, ಆದರೆ ಅದೇ ವಿವಾಹವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1062ನೇ ಕಾನೂನಿನ ಪ್ರಕಾರ, ಮಾತು ಕೊಟ್ಟಿದ್ದಾರೆಂಬ ಕಾರಣಕ್ಕೆ ಯಾರನ್ನೂ ಮದುವೆಯಾಗುವಂತೆ ಒತ್ತಾಯಿಸುವ ಹಕ್ಕು ಇಲ್ಲ. ನಷ್ಟವಾಗಿದ್ದರೆ ಅದರ ಪರಿಹಾರದ ಮಾತು ಬೇರೆ. ವಿವಾಹವನ್ನು ಉಂಟುಮಾಡುವುದು ವಧೂವರರ ಸ್ವತಂತ್ರ ಸಮ್ಮತಿ. ಬೇರೆ ಯಾವ ಮಾನವ ಶಕ್ತಿಯೂ ಅವರ ಬದಲಾಗಿ ಸಮ್ಮತಿಸಲಾರದು ಎಂದು 1057ನೇ ಕಾನೂನು ಹೇಳುತ್ತದೆ. ಆದ್ದರಿಂದ ಈ ಕಾಲದಲ್ಲಿ ಹುಡುಗನಿಗಾಗಲಿ ಹುಡುಗಿಗಾಗಲಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಸಮಯ ಬೇಕು, ಕೇಳುವ ಕಿವಿ ಬೇಕು. ಮಂಟಪಕ್ಕೆ ಮುಂಗಡ ಕೊಟ್ಟಾಯಿತು ಎಂಬ ಕಾರಣಕ್ಕೆ ಬಾಯಿ ಮುಚ್ಚಿಕೊಂಡವರ ಕಣ್ಣೀರನ್ನು ಗುರುಗಳಾದ ನಾವು ಮದುವೆಯಾದ ಮೇಲೆ ನೋಡುತ್ತೇವೆ.

ನಜರೇತಿನ ಮೂರು ಪಾಠ

ಪ್ರಭು ಯೇಸು ಬಹಿರಂಗವಾಗಿ ಬೋಧಿಸಿದ್ದು ಸುಮಾರು ಮೂರು ವರ್ಷ. ಅದಕ್ಕೆ ಮುಂಚೆ ಸುಮಾರು ಮೂವತ್ತು ವರ್ಷ ಮನೆಯವರ ನಡುವೆ ಬಾಳಿದರು. ಆ ವರ್ಷಗಳ ಬಗ್ಗೆ ಶುಭಸಂದೇಶಕಾರರು ಹೆಚ್ಚೇನೂ ಬರೆದಿಲ್ಲ. ಅವರು ತಂದೆತಾಯಿಗೆ ವಿಧೇಯರಾಗಿದ್ದರು, ಜ್ಞಾನದಲ್ಲಿ ಬೆಳೆದರು ಎಂಬಷ್ಟನ್ನೇ ಸಂತ ಲೂಕ ತಿಳಿಸುತ್ತಾರೆ (ಲೂಕ 2:51-52). ಬರೆಯುವಂಥದ್ದು ಏನೂ ನಡೆಯದ ದಿನಗಳೂ ದೇವಪುತ್ರನ ದಿನಗಳೇ ಆಗಿದ್ದವು.

ಜಗದ್ಗುರು ಆರನೇ ಪೌಲರು 1964ರ ಜನವರಿ 5ರಂದು ನಜರೇತಿಗೆ ಯಾತ್ರೆ ಹೋದಾಗ, ಆ ಮನೆಯನ್ನು ಒಂದು ಪಾಠಶಾಲೆಗೆ ಹೋಲಿಸಿ ಮೂರು ಪಾಠಗಳನ್ನು ಹೇಳಿದರು: ಮೌನ, ಕುಟುಂಬ ಜೀವನ, ದುಡಿಮೆ. ಈ ಮೂರನ್ನೂ ನಮ್ಮ ಮದುವೆ ಮನೆಗಳಿಗೆ ಅನ್ವಯಿಸಿ ನೋಡಿ. ಮೌನ ಎಲ್ಲಿದೆ? ಎಲ್ಲರೂ ಒಟ್ಟಿಗೆ ಕೂರುವ ಗಳಿಗೆ ಎಲ್ಲಿದೆ? ಫಲದ ಅವಸರವಿಲ್ಲದೆ, ಕೈಯಾರೆ ಮಾಡುವ ಕೆಲಸ ಎಲ್ಲಿದೆ? ಈ ಮೂರನೆಯ ಪ್ರಶ್ನೆಯೇ ನಮ್ಮನ್ನು ಆ ಹೊಲಿಗೆ ಮಿಷಿನ್ನಿನ ಬಳಿಗೆ ಕರೆದೊಯ್ಯುತ್ತದೆ.

ಹವ್ಯಾಸ ಕಾಲಹರಣವೇ?

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ, ಆಟ ವಿನೋದಗಳಲ್ಲಿಯೂ ಸದ್ಗುಣಕ್ಕೆ ಸ್ಥಾನವಿದೆಯೇ ಎಂಬ ಪ್ರಶ್ನೆ ಎತ್ತಿಕೊಂಡು, ಹಳೆಯದೊಂದು ಕಥೆ ಹೇಳುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾರಿ ಬಿಟ್ಟ ಮೇಲೆ, “ಹೀಗೆಯೇ ಬಿಡುತ್ತಲೇ ಇರಬಲ್ಲೆಯಾ?” ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದುಹೋಗುತ್ತದೆ ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ, ಸದಾ ಬಿಗಿದಿಟ್ಟರೆ ಮುರಿಯುತ್ತದೆ ಎಂದರು ಯೊವಾನ್ನರು.

ಹಾಗೆಂದು ಸಂತ ಥಾಮಸರು ಲಗಾಮು ಬಿಟ್ಟಿಲ್ಲ. ವಿನೋದದಲ್ಲಿ ಅಸಭ್ಯವಾದುದು, ಕೇಡುಮಾಡುವಂಥದ್ದು ಇರಬಾರದು. ಮನಸ್ಸಿನ ಸಮತೋಲ ತಪ್ಪಬಾರದು. ಕಾಲ, ಸ್ಥಳ, ವ್ಯಕ್ತಿಗೆ ಅದು ಒಪ್ಪುವಂತಿರಬೇಕು. ಮೊಬೈಲಿನಲ್ಲಿ ಮಧ್ಯರಾತ್ರಿಯವರೆಗೆ ಇತರರ ಮದುವೆಯ ಚಿತ್ರಗಳನ್ನು ನೋಡಿ ಹೊಟ್ಟೆಕಿಚ್ಚು ಪಡುವುದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಹೂಕುಂಡಗಳಲ್ಲಿ ಗಿಡ ಬೆಳೆಸುವುದು, ಗಾಯನ ವೃಂದದಲ್ಲಿ ಹಾಡಲು ಕಲಿಯುವುದು, ಅಮ್ಮನಿಂದ ಸಾರು ಮಾಡಲು ಕಲಿಯುವುದು ಖಂಡಿತ ತೇರ್ಗಡೆಯಾಗುತ್ತವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸದ್ಗುಣಗಳು ಹುಟ್ಟಿನಿಂದ ಬರುವುದಿಲ್ಲ, ಮಾಡಿ ಮಾಡಿ ರೂಢಿಯಾಗುತ್ತವೆ ಎಂಬುದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಬೋಧನೆ. ಕಟ್ಟುತ್ತಾ ಹೋದವನೇ ಗಾರೆಯವನಾಗುತ್ತಾನೆ, ನುಡಿಸುತ್ತಾ ಹೋದವನೇ ವಾದ್ಯಗಾರನಾಗುತ್ತಾನೆ, ತಾಳ್ಮೆಯೂ ಹಾಗೆಯೇ. ಹೊಸದನ್ನು ಕಲಿಯುವವನು ಮೊದಲು ತಪ್ಪು ಮಾಡುತ್ತಾನೆ, ಇನ್ನೊಬ್ಬರಿಂದ ತಿದ್ದಿಸಿಕೊಳ್ಳುತ್ತಾನೆ, ನಕ್ಕು ಮತ್ತೆ ಶುರುಮಾಡುತ್ತಾನೆ. ಗಂಡ ಹೆಂಡತಿಯ ಬಾಳಿಗೆ ಇದಕ್ಕಿಂತ ಬೇಕಾದ ತರಬೇತಿ ಯಾವುದು? ಓದಿನಲ್ಲಿ, ಉದ್ಯೋಗದಲ್ಲಿ ಪಳಗಿದ ನಮ್ಮ ಯುವಕ ಯುವತಿಯರಿಗೆ ‘ನನಗೆ ಬರುವುದಿಲ್ಲ, ಹೇಳಿಕೊಡಿ’ ಎನ್ನುವ ಅಭ್ಯಾಸ ತಪ್ಪಿಹೋಗಿದೆ. ಮದುವೆಯ ಮೊದಲ ವರ್ಷದಲ್ಲಿ ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ.

ಆ ಮನೆಯಲ್ಲಿ ಕಂಡದ್ದು

ಬುದ್ಧಿ ಹೇಳಲೆಂದು ಆ ಮನೆಗೆ ಹೋದೆ. ನಡುಮನೆಯ ತುಂಬ ಸೀರೆಯ ಪೆಟ್ಟಿಗೆಗಳು. ಒಳಗಿನ ಕೋಣೆಯಿಂದ ನಗು ಕೇಳುತ್ತಿತ್ತು. ಮಂಚದ ಮೇಲೆ ಅಜ್ಜಿ, ಮಿಷಿನ್ ಮುಂದೆ ಮೊಮ್ಮಗಳು. ರವಿಕೆಯ ಎಡತೋಳನ್ನು ಬಲಗಡೆಗೆ ಹೊಲಿದುಬಿಟ್ಟಿದ್ದಳು, ಅದೂ ಎರಡನೆಯ ಸಲ. ಅಜ್ಜಿ ಬೈಯದೆ, ಹೊಲಿಗೆ ಬಿಚ್ಚುವುದು ಹೇಗೆಂದು ತೋರಿಸುತ್ತಿದ್ದರು: “ಎಳೆಯಬೇಡ ಮಗಳೇ, ಬಟ್ಟೆ ಹರಿಯುತ್ತದೆ. ಒಂದೊಂದೇ ಹೊಲಿಗೆ ಬಿಚ್ಚು.” ಆ ಮನೆಯಲ್ಲಿ ಇನ್ನೂ ‘ಮನೆ’ಯಾಗಿ ಉಳಿದಿದ್ದ ಜಾಗ ಅದೊಂದೇ ಎಂದು ನನಗೆ ಅರಿವಾಯಿತು. ಹೇಳಬೇಕೆಂದುಕೊಂಡಿದ್ದ ಬುದ್ಧಿವಾದ ಬಾಯಿಗೆ ಬರಲಿಲ್ಲ.

ಅಜ್ಜಿ ಕಾಫಿಗೆಂದು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಒಂದು ಮಾತು ಹೇಳಿದರು. ದೊಡ್ಡ ಮಂಟಪಕ್ಕಾಗಿ ಅಪ್ಪ ಬಡ್ಡಿಗೆ ಸಾಲ ಮಾಡಲು ಹೊರಟಿರುವುದು ಹುಡುಗಿಗೆ ಗೊತ್ತಾಗಿತ್ತು. ಗಂಡಿನ ಕಡೆಯವರು ಅದನ್ನು ಕೇಳಿಯೇ ಇರಲಿಲ್ಲ. ತಾನು ಗಂಡನ ಮನೆಗೆ ಹೋದ ಮೇಲೆ ತಮ್ಮನ ಓದಿನ ಗತಿಯೇನು ಎಂದು ಅವಳಿಗೆ ರಾತ್ರಿ ನಿದ್ದೆಯಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಕೇಳಲು ಯಾರಿಗೂ ಬಿಡುವಿರಲಿಲ್ಲ. ತಲೆ ಬಗ್ಗಿಸಿ ದಾರ ಪೋಣಿಸುತ್ತಾ ಅಜ್ಜಿಯ ಹತ್ತಿರ ಮಾತ್ರ ಹೇಳಿದ್ದಳು. ಕೈಗೆ ಕೆಲಸವಿದ್ದಾಗ ಮನಸ್ಸು ಬಾಯಿಬಿಡುತ್ತದೆ.

“ಇದನ್ನು ನಿನ್ನ ಅಪ್ಪನಿಗೆ ಹೇಳು ಮಗಳೇ” ಎಂದಷ್ಟೇ ಹೇಳಿ ಬಂದೆ. ಆ ರಾತ್ರಿ ಅವರು ಒಟ್ಟಿಗೆ ಊಟಕ್ಕೆ ಕುಳಿತರಂತೆ. ತಂದೆಗೆ ಮೊದಲು ಸಿಟ್ಟು, ಆಮೇಲೆ ಅಳು ಬಂತಂತೆ. ಎರಡೂ ಕಡೆಯ ಹಿರಿಯರು ಕುಳಿತು ಮಾತನಾಡಿ, ಔತಣವನ್ನು ನಮ್ಮ ಧರ್ಮಕೇಂದ್ರದ ಸಭಾಂಗಣಕ್ಕೆ ಬದಲಾಯಿಸಿದರು. ಮಂಟಪದ ಮುಂಗಡ ಹಣ ಹೋಯಿತು, ಕೆಲವು ನೆಂಟರು ಮುನಿಸಿಕೊಂಡರು. ಸಾಲ ಮಾತ್ರ ಮನೆಯೊಳಗೆ ಬರಲಿಲ್ಲ.

ಮದುವೆ ನಿಶ್ಚಯವಾದ ಮನೆಗಳಿಗೆ ಕೆಲವು ಸೂಚನೆಗಳು

1. ದಿನಕ್ಕೆ ಒಂದು ಊಟ ಎಲ್ಲರೂ ಸೇರಿ ಮಾಡಿ. ಆ ಊಟದಲ್ಲಿ ಮದುವೆ ಖರ್ಚಿನ ಮಾತು ಬೇಡ.

2. ಲೆಕ್ಕಾಚಾರಕ್ಕೆ ವಾರದಲ್ಲಿ ಒಂದು ಸಂಜೆ ಗೊತ್ತುಮಾಡಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಹೇಳಿದರು (ಲೂಕ 14:28). ದಿನಾ ರಾತ್ರಿ ಅದೇ ಲೆಕ್ಕಕ್ಕಾಗಿ ಜಗಳವಾಡಿ ಎಂದು ಹೇಳಲಿಲ್ಲ.

3. ಪೂರ್ತಿ ಜಪಸರ ಆಗದಿದ್ದರೆ ಹತ್ತು ಮಣಿಯಾದರೂ ಹೇಳಿ. ಮದುಮಕ್ಕಳಾಗುವವರ ಹೆಸರು ಹೇಳಿ ಪ್ರಾರ್ಥಿಸಿ.

4. ವಧುವಾಗುವವಳೂ ವರನಾಗುವವನೂ ಒಂದೊಂದು ಹೊಸ ಕೆಲಸವನ್ನು ಮನೆಯ ಹಿರಿಯರೊಬ್ಬರಿಂದ ಕಲಿಯಲಿ. ಹೆಚ್ಚು ಖರ್ಚಿಲ್ಲದ್ದು, ಕೈ ಬಳಸುವಂಥದ್ದು. ಗಂಡುಮಕ್ಕಳು ಅಡುಗೆ ಕಲಿತರೆ ಮರ್ಯಾದೆಗೇನೂ ಕುಂದಿಲ್ಲ.

5. ಮನೆಯ ಕಿರಿಯರನ್ನೂ ವೃದ್ಧರನ್ನೂ ಮರೆಯಬೇಡಿ. ಅವರ ಪರೀಕ್ಷೆ, ಅವರ ಔಷಧಿ ಮದುವೆಗಾಗಿ ಕಾಯುವುದಿಲ್ಲ.

6. ಮದುವೆಗೆ ಮುನ್ನ ಪಾಪನಿವೇದನೆ ಮಾಡಿ. ಕೊನೆಯ ಸಂಜೆಯ ನೂಕುನುಗ್ಗಲಿಗೆ ಬಿಡದೆ, ಒಂದು ವಾರ ಮೊದಲೇ ಬನ್ನಿ.

ಕಾನಾ ಊರಿನ ಮದುವೆಯನ್ನು ನೆನೆಯಿರಿ (ಯೊವಾನ್ನ 2:1-11). ಅವರೂ ತಯಾರಿ ಮಾಡಿಯೇ ಇದ್ದಿರಬೇಕು, ಆದರೂ ದ್ರಾಕ್ಷಾರಸ ಸಾಲದೆ ಹೋಯಿತು. ಎಷ್ಟೇ ಪಟ್ಟಿ ಮಾಡಿದರೂ ಏನೋ ಒಂದು ಕೊರತೆ ಬಿದ್ದೇ ಬೀಳುತ್ತದೆ. ಆ ಮನೆ ಉಳಿದದ್ದು ಕೊರತೆಯನ್ನು ಗಮನಿಸುವ ಒಂದು ಕಣ್ಣು, ಮಾತೆ ಮರಿಯಳ ಕಣ್ಣು ಅಲ್ಲಿದ್ದುದರಿಂದ. ಪ್ರಭು ಬಳಸಿದ್ದೂ ಮದುವೆಗೆಂದು ತಂದ ವಿಶೇಷ ವಸ್ತುವನ್ನಲ್ಲ; ದಿನನಿತ್ಯದ ಶುದ್ಧಾಚಾರಕ್ಕೆ ಇಟ್ಟಿದ್ದ ಆರು ಕಲ್ಲಿನ ಬಾನೆಗಳನ್ನು, ಅವುಗಳಲ್ಲಿ ತುಂಬಿಸಿದ ಬರೀ ನೀರನ್ನು.

ಮನನಕ್ಕೆ: ನಮ್ಮ ಮನೆಯಲ್ಲಿ ಈಗ ಯಾರ ಮಾತನ್ನು ಕೇಳಲು ಯಾರಿಗೂ ಬಿಡುವಿಲ್ಲ? ಈ ವಾರ ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂರಬಲ್ಲೆನೇ?

ಪ್ರಾರ್ಥನೆ: ನಜರೇತಿನ ಮನೆಯಲ್ಲಿ ಬಾಳಿದ ಪ್ರಭುವೇ, ಮದುವೆಗೆ ಸಿದ್ಧವಾಗುತ್ತಿರುವ ನಮ್ಮ ಮನೆಗಳಲ್ಲಿ ನೀವೂ ಇರಿ. ನಮ್ಮ ಕೈಗಳಿಗೆ ತಾಳ್ಮೆಯನ್ನೂ ಕಿವಿಗಳಿಗೆ ಬಿಡುವನ್ನೂ ಕೊಡಿ. ತಪ್ಪಿದ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚಿ, ಮತ್ತೆ ಹೊಲಿಯುವುದನ್ನು ನಮಗೆ ಕಲಿಸಿ. ಆಮೆನ್.