ತಿರುವು ಬಿಗಿಯಾದರೆ ಎಂಜಿನ್ ಗಿಡ್ಡವಿರಲಿ

ಕೊಂಡಪಲ್ಲಿಯ ಓದುಗರೇ, ಪುಟ್ಟ ಮೇಜಿನ ಮೇಲೂ ಮಾದರಿ ಉಗಿಬಂಡಿ ಚೆನ್ನಾಗಿ ಓಡುತ್ತದೆ. ಮೊದಲು ಚಾಲಕ ಗಾಲಿಗಳ ನಡುವಿನ ಅಂತರ ನೋಡಿ. ಒಂದೇ ಚೌಕಟ್ಟಿಗೆ ಬಿಗಿದ ಅವು ತಿರುವಿಗೆ ತಕ್ಕಂತೆ ಹೊರಳಲಾರವು. ಆದ್ದರಿಂದ ನಾಲ್ಕು ಅಥವಾ ಆರು ಗಾಲಿಯ, ಹಿಂದೆ ಪ್ರತ್ಯೇಕ ನೀರು-ಕಲ್ಲಿದ್ದಲ ಬಂಡಿಯಿಲ್ಲದ ಟ್ಯಾಂಕ್ ಎಂಜಿನ್ ಆರಿಸಿ. ಡಾರ್ಜಿಲಿಂಗ್ ಬೆಟ್ಟದ ಬಿಗಿ ತಿರುವುಗಳಲ್ಲಿ ಓಡುವ ‘ಬಿ’ ದರ್ಜೆಯ ಎಂಜಿನ್ನಿಗೂ ನಾಲ್ಕೇ ಗಾಲಿ. ಡಬ್ಲ್ಯುಪಿ, ಡಬ್ಲ್ಯುಜಿ ದರ್ಜೆಯಂಥ ಉದ್ದನೆಯ ಎಂಜಿನ್‌ಗಳ ಮಾದರಿಗಳಿಗೆ ವಿಶಾಲ ತಿರುವು ಬೇಕು.

ಮಾದರಿ ರೈಲು ತಯಾರಕ ಹಾರ್ನ್‌ಬಿಯ ಹಳಿಗಳಲ್ಲಿ ಅತಿ ಬಿಗಿ ತಿರುವಿನ ತ್ರಿಜ್ಯ 371 ಮಿ.ಮೀ., ನಂತರದ್ದು 438. ದೊಡ್ಡ ಎಂಜಿನ್‌ಗಳಿಗೆ ಸಾಮಾನ್ಯವಾಗಿ 438 ಆದರೂ ಬೇಕು. ಕೊಳ್ಳುವ ಮುನ್ನ ತಯಾರಕರ ಸೂಚನೆ ಓದಿ. ಎಡ-ಬಲ ತಿರುವುಗಳ ನಡುವೆ ಒಂದು ಬೋಗಿಯಷ್ಟು ನೇರ ಹಳಿ ಬಿಡಿ. ಬೋಗಿಗಳೂ ಗಿಡ್ಡವಿರಲಿ. ನಿಲ್ದಾಣವನ್ನು ನಿಮ್ಮೂರಿನ ಗೊಂಬೆ ಕುಶಲಕರ್ಮಿಗಳಿಂದ ಪೊಣಿಕಿ ಮರದಲ್ಲೇ ಮಾಡಿಸಿ.